ಎರಡು ಧರ್ಮ, ಒಂದೇ ಸೇರು

ಇಸ್ಲಾಂ ಎಂದರೆ ಅಳುಕು, ಕ್ರೈಸ್ತ ಧರ್ಮ ಎಂದರೆ ಒಂದಿಷ್ಟು ಸಲಿಗೆ. ನಮ್ಮ ಊರಿನ ಸಾಮಾನ್ಯ ಮನಸ್ಸಿನಲ್ಲಿ ಈ ಎರಡು ಭಾವ ಹೇಗೆ ಬೇರೂರಿದವು? ಹಳೆಯ ಬೆಂಗಳೂರಿನ ಪೇಟೆಗಳ ನಡುವೆ ನಿಂತು ನೋಡಿದರೆ ಉತ್ತರದ ಎಳೆಗಳು ಸಿಗುತ್ತವೆ.

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ, ಅಕ್ಕಿಪೇಟೆಗೆ ಅಂಟಿಕೊಂಡಿರುವ ಅರಳೇಪೇಟೆಗೆ, ಈಗಿನವರ ಕಾಟನ್‌ಪೇಟೆಗೆ, ಬಂದೇ ಬರುತ್ತದೆ. ಅಲ್ಲಿ ಹಜರತ್ ತವಕ್ಕಲ್ ಮಸ್ತಾನ್ ದರ್ಗಾ ಇದೆ. ಮಲ್ಲಿಗೆಯಿಂದ ಮುಚ್ಚಿದ ದ್ರೌಪದಿಯ ಕರಗ, ಕತ್ತಿ ಹಿಡಿದ ವೀರಕುಮಾರರು, ದರ್ಗಾದ ಹೊಸ್ತಿಲಲ್ಲಿ ಕಾಯುವ ಮುಜಾವರರು ಒಂದೇ ಬೀದಿಯಲ್ಲಿ ಎದುರುಬದುರಾಗುತ್ತಾರೆ. ಹೈದರನ ಕಾಲದಲ್ಲಿ ಕಲ್ಲಿನ ಕೋಟೆ ಕಟ್ಟುವಾಗ ಕೂಲಿ ಮುಟ್ಟದೆ ದುಡಿದ ಫಕೀರ ಈ ಮಸ್ತಾನ್ ಎಂಬುದು ಪೇಟೆಯ ಐತಿಹ್ಯ. ಕರಗ ಅವನಲ್ಲಿಗೆ ಏಕೆ ಬರುತ್ತದೆ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಬರಬೇಕು ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

2022ರಲ್ಲಿ ಈ ಭೇಟಿಯೇ ದೊಡ್ಡ ಸುದ್ದಿಯಾಯಿತು. ಕೋವಿಡ್‌ನಿಂದ ಎರಡು ವರ್ಷ ಸೊರಗಿದ್ದ ಕರಗ ಮತ್ತೆ ಹೊರಡಲು ಸಜ್ಜಾಗಿದ್ದಾಗ, ಮೆರವಣಿಗೆ ದರ್ಗಾಕ್ಕೆ ಹೋಗಬಾರದು ಎಂಬ ಒತ್ತಾಯ ಕೆಲವು ಸಂಘಟನೆಗಳಿಂದ ಬಂತು. ದರ್ಗಾದವರು ಗುಡಿಗೆ ಹೋಗಿ ಕರಗವನ್ನು ಆಹ್ವಾನಿಸಿದರು. ಗುಡಿಯವರು ಸಂಪ್ರದಾಯ ಮುರಿಯುವುದಿಲ್ಲ ಎಂದರು. ಏಪ್ರಿಲ್‌ನ ಆ ರಾತ್ರಿ ಕರಗ ಎಂದಿನಂತೆ ಹೋಗಿ ಬಂತು. ಆದರೆ ಆ ಪ್ರಶ್ನೆ ಎದ್ದದ್ದೇ ನಮ್ಮ ಕಾಲದ ಬಗ್ಗೆ ಒಂದು ಮಾತು ಹೇಳುತ್ತದೆ. ಅದೇ ಸಂಜೆ ಶಿವಾಜಿನಗರದ ಮೇರಿಯಮ್ಮನ ಗುಡಿಗೆ ಮೇಣದಬತ್ತಿ ಹಚ್ಚಲು ಹೊರಟ ಹಿಂದೂ ಹೆಂಗಸನ್ನು ಯಾರೂ ತಡೆಯುತ್ತಿರಲಿಲ್ಲ. ಎರಡೂ ಹೊರಗಿನಿಂದ ಬಂದ ಧರ್ಮಗಳೆಂದೇ ಜನ ಹೇಳುವುದು. ಹಾಗಿದ್ದರೆ ಅಳುಕಿನಲ್ಲಿ ಈ ವ್ಯತ್ಯಾಸ ಏಕೆ?

ನಡೆದು ಹೋಗುವಷ್ಟು ದೂರದಲ್ಲಿ

ಅಕ್ಕಿಪೇಟೆಯ ಸಗಟು ಅಂಗಡಿಗಳಿಂದ ಹೊರಟು ನಡೆದೇ ಹೋಗಬಹುದಾದ ದೂರದಲ್ಲಿ ಬೆಂಗಳೂರಿನ ಎಲ್ಲ ನಂಬಿಕೆಗಳೂ ಇವೆ. ತಾರಾಮಂಡಲಪೇಟೆಯಲ್ಲಿ ನಗರದ ಅತಿ ಹಳೆಯ ಮಸೀದಿಗಳಲ್ಲಿ ಒಂದಾದ ಸಂಗೀನ್ ಜಾಮಿಯಾ ಮಸೀದಿ ಇದೆ. ಕೆ.ಆರ್. ಮಾರುಕಟ್ಟೆಯ ಬಳಿ ಬಿಳಿ ಗೋಪುರಗಳ ಜಾಮಿಯಾ ಮಸೀದಿ. ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳ ಸಾಲಿನಲ್ಲಿ ರೈಸ್ ಸ್ಮಾರಕ ಚರ್ಚ್. ಚಾಮರಾಜಪೇಟೆಯಲ್ಲಿ ಸಂತ ಲೂಕನ ಚರ್ಚ್. ಟಿಪ್ಪುವಿನ ಬೇಸಿಗೆ ಅರಮನೆಗೆ ಗೋಡೆಗೋಡೆ ತಾಗುವಂತೆ ಕೋಟೆ ವೆಂಕಟರಮಣಸ್ವಾಮಿ ಗುಡಿ. ಇಷ್ಟು ಹತ್ತಿರ ಬದುಕುವ ಊರಿನಲ್ಲಿ ಪರಸ್ಪರ ತಿಳಿವಳಿಕೆಯೂ ಅಷ್ಟೇ ಹತ್ತಿರದ್ದಾಗಿರಬೇಕಿತ್ತು.

ಆದರೆ ಹತ್ತಿರ ಇರುವುದು ಬೇರೆ, ಒಳಗೆ ಹೋಗಿರುವುದು ಬೇರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರ ಕೊನೆಯಿಂದ 2020ರ ಆರಂಭದವರೆಗೆ ಭಾರತದಲ್ಲಿ ಸುಮಾರು 30,000 ಜನರನ್ನು ಮಾತನಾಡಿಸಿ, 2021ರಲ್ಲಿ ವರದಿ ಪ್ರಕಟಿಸಿತು. ಎಲ್ಲ ಧರ್ಮಗಳನ್ನು ಗೌರವಿಸುವುದು ನಿಜವಾದ ಭಾರತೀಯನ ಲಕ್ಷಣ ಎಂದವರು ಶೇ 84. ಆದರೆ ಆಪ್ತ ಸ್ನೇಹಿತರಲ್ಲಿ ಎಲ್ಲರೂ ಅಥವಾ ಹೆಚ್ಚಿನವರು ತಮ್ಮದೇ ಧರ್ಮದವರು ಎಂದ ಹಿಂದೂಗಳು ಶೇ 86, ಮುಸ್ಲಿಮರೂ ಶೇ 86. ಪಕ್ಕದ ಮನೆಗೆ ಮುಸ್ಲಿಂ ಕುಟುಂಬ ಬೇಡ ಎಂದ ಹಿಂದೂಗಳು ಶೇ 36. ಕ್ರೈಸ್ತ ಕುಟುಂಬ ಬೇಡ ಎಂದವರು ಶೇ 31. ಅಂದರೆ ಗೌರವ ದೂರದಿಂದ ಸಲ್ಲುತ್ತದೆ, ಸ್ನೇಹ ಗೋಡೆಯ ಆಚೆಗೆ ಹೋಗುವುದಿಲ್ಲ. ಇನ್ನೊಂದು ಸಂಗತಿಯೂ ಇಲ್ಲಿದೆ. ಕ್ರೈಸ್ತರನ್ನು ನಾವು ಸಲೀಸಾಗಿ ಒಪ್ಪಿಕೊಂಡಿದ್ದೇವೆ ಎಂಬುದು ನಾವು ಅಂದುಕೊಂಡಷ್ಟು ನಿಜವಲ್ಲ.

ಶಾಲೆಯ ಬಾಗಿಲು, ಆಸ್ಪತ್ರೆಯ ಬಾಗಿಲು

ಕ್ರೈಸ್ತ ಧರ್ಮವನ್ನು ಬಹುಪಾಲು ಕನ್ನಡಿಗರು ಕಂಡದ್ದು ಪೂಜಾಸ್ಥಳದಲ್ಲಿ ಅಲ್ಲ, ಶಾಲೆಯಲ್ಲಿ ಮತ್ತು ಆಸ್ಪತ್ರೆಯಲ್ಲಿ. ನೃಪತುಂಗ ರಸ್ತೆಯ ಸಂತ ಮಾರ್ಥಾ ಆಸ್ಪತ್ರೆ 1886ರಿಂದ ಇದೆ. ಹಳೇ ಬೆಂಗಳೂರಿನ ಎಷ್ಟು ಮನೆಗಳ ಮಕ್ಕಳು ಅಲ್ಲಿ ಹುಟ್ಟಿದರೋ! ಕಾನ್ವೆಂಟಿನಲ್ಲಿ ಓದಿದ ಮಗಳಿಗೆ ಸಿಸ್ಟರ್ ಎಂದರೆ ಕೈಬರಹ ತಿದ್ದಿದವರು. ಒಂದು ಧರ್ಮವನ್ನು ಮೇಷ್ಟ್ರಾಗಿ, ದಾದಿಯಾಗಿ ನೋಡಿದವರಿಗೆ ಅದರ ಮೇಲೆ ಕೃತಜ್ಞತೆ ಹುಟ್ಟುತ್ತದೆ.

ಇದಕ್ಕೆ ಕನ್ನಡದ ಋಣವೂ ಸೇರಿಕೊಂಡಿತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ತಂದರು. ಫರ್ಡಿನಾಂಡ್ ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು. ಅವೆನ್ಯೂ ರಸ್ತೆಯ ಚರ್ಚಿಗೆ ಹೆಸರಾದ ಬೆಂಜಮಿನ್ ಹೋಲ್ಟ್ ರೈಸ್ ಪೇಟೆಯಲ್ಲಿ ಕನ್ನಡ ಶಾಲೆಗಳನ್ನು ನಡೆಸಿದ ಪಾದ್ರಿ. ಅವರ ಮಗ, ಇದೇ ಊರಿನಲ್ಲಿ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್, ಸಾವಿರಾರು ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಉಳಿಸಿದರು. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದ ಉತ್ತಂಗಿ ಚನ್ನಪ್ಪ ಬಾಸೆಲ್ ಮಿಷನ್ನಿನ ಪಾದ್ರಿ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೀಗೆ ಕ್ರೈಸ್ತ ಧರ್ಮ ನಮಗೆ ಕನ್ನಡದಲ್ಲಿ, ಅಚ್ಚಿನಲ್ಲಿ, ಪಠ್ಯದಲ್ಲಿ ಬಂತು.

ಕಣ್ಣಿಗೂ ಅದು ಪರಕೀಯ ಅನ್ನಿಸಲಿಲ್ಲ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಬಾವುಟ ಏರುತ್ತದೆ, ಮೇರಿಯಮ್ಮ ಸೀರೆ ಉಡುತ್ತಾಳೆ, ತೇರು ಎಳೆಯುತ್ತಾರೆ, ಹರಕೆ ಹೊತ್ತವರು ಕಾವಿ ಬಟ್ಟೆ ತೊಡುತ್ತಾರೆ. ಮೂರ್ತಿ, ಮಾಲೆ, ದೀಪ, ತೇರು ಎಲ್ಲವೂ ನಮಗೆ ಗೊತ್ತಿರುವಂಥವೇ. ಮಸೀದಿಯಲ್ಲಿ ನೋಡಲು ಅಂಥದ್ದೇನೂ ಇಲ್ಲ. ಮೂರ್ತಿಯಿಲ್ಲ, ಗರ್ಭಗುಡಿಯಿಲ್ಲ. ಮೆಕ್ಕಾದ ದಿಕ್ಕು ತೋರುವ ಒಂದು ಗೋಡೆಗೂಡು, ಚಾಪೆಯ ಸಾಲು, ಅಷ್ಟೆ. ನಿರಾಕಾರದ ಆರಾಧನೆ ಅಲ್ಲಮನ ನಾಡಿಗೆ ಹೊಸದಲ್ಲ. ಆದರೂ ಹೊರಗಿನವನ ಕಣ್ಣಿಗೆ ಬರಿದಾಗಿ ಕಾಣುವ ಜಾಗ ಬೇಗ ನಿಗೂಢವಾಗಿಬಿಡುತ್ತದೆ. ಅಜಾನ್ ಅರಬ್ಬಿಯಲ್ಲಿ, ಶುಕ್ರವಾರದ ಪ್ರವಚನ ಈ ಪೇಟೆಗಳಲ್ಲಿ ಬಹುಮಟ್ಟಿಗೆ ಉರ್ದುವಿನಲ್ಲಿ. ರೈಸ್ ಚರ್ಚಿನ ಕನ್ನಡ ಹಾಡು ದಾರಿಹೋಕನಿಗೆ ಅರ್ಥವಾಗುತ್ತದೆ, ಮಸೀದಿಯ ಪ್ರವಚನ ಆಗುವುದಿಲ್ಲ.

ಹಾಗೆಂದು ಇಸ್ಲಾಮಿಗೆ ಇಲ್ಲಿ ತೆರೆದ ಬಾಗಿಲೇ ಇರಲಿಲ್ಲವೆಂದಲ್ಲ. ದರ್ಗಾಗಳಲ್ಲಿ ಸಕ್ಕರೆ ಓದಿಸಿ, ಮಗುವಿಗೆ ತಾಯಿತ ಕಟ್ಟಿಸಿ, ನವಿಲುಗರಿಯಿಂದ ದೃಷ್ಟಿ ತೆಗೆಸಿಕೊಂಡು ಬರುವ ಹಿಂದೂ ತಾಯಂದಿರು ಇಂದಿಗೂ ಇದ್ದಾರೆ. 1966ರಲ್ಲಿ ಡಾ. ಮುಮ್ತಾಜ್ ಅಹಮದ್ ಖಾನ್ ಬೆಂಗಳೂರಿನಲ್ಲಿ ಕಟ್ಟಿದ ಅಲ್-ಅಮೀನ್ ಸಂಸ್ಥೆಯ ಕಾಲೇಜುಗಳಲ್ಲಿ ಎಲ್ಲ ಜಾತಿ ಧರ್ಮದವರೂ ಓದಿದ್ದಾರೆ. ‘ನಿತ್ಯೋತ್ಸವ’ದ ಕವಿ ನಿಸಾರ್ ಅಹಮದ್ ಇಲ್ಲದೆ ನಮ್ಮ ರಾಜ್ಯೋತ್ಸವವೇ ಇಲ್ಲ. ಆದರೆ ನಿಸಾರರನ್ನು ನಾವು ಕನ್ನಡ ಕವಿ ಎಂದು ಎಣಿಸುತ್ತೇವೆ. ಗಲಭೆ ಮಾಡಿದವನನ್ನು ಮುಸ್ಲಿಂ ಎಂದು ಎಣಿಸುತ್ತೇವೆ. ಒಳ್ಳೆಯದು ವ್ಯಕ್ತಿಯ ಖಾತೆಗೆ, ಕೆಟ್ಟದ್ದು ಧರ್ಮದ ಖಾತೆಗೆ. ನಮ್ಮ ಲೆಕ್ಕ ತಪ್ಪುವುದು ಇಲ್ಲೇ.

ಗ್ರಂಥಗಳು ಹೇಳುವುದು

ಎರಡೂ ಧರ್ಮಗಳನ್ನು ಎದುರುಬದುರು ನಿಲ್ಲಿಸುವ ಜನಕ್ಕೆ ಅವುಗಳ ನಂಟಿನ ಆಳ ಗೊತ್ತಿರುವುದು ಕಡಿಮೆ. ಕುರ್‌ಆನಿನ 19ನೇ ಅಧ್ಯಾಯದ ಹೆಸರೇ ‘ಮರ್ಯಮ್’, ಅಂದರೆ ಯೇಸುವಿನ ತಾಯಿ ಮೇರಿ. ಇಡೀ ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿದ ಹೆಣ್ಣು ಆಕೆ ಒಬ್ಬಳೇ. ಆಕೆ ಕನ್ಯೆಯಾಗಿದ್ದೇ ಯೇಸುವನ್ನು ಹೆತ್ತಳು ಎಂಬುದನ್ನು ಮುಸ್ಲಿಮರೂ ನಂಬುತ್ತಾರೆ. ಅವರಿಗೆ ಯೇಸು ‘ಈಸಾ’, ಗೌರವದಿಂದ ‘ಮಸೀಹ’. ಅಬ್ರಹಾಂ ಅವರಿಗೆ ಇಬ್ರಾಹೀಂ, ಮೋಶೆ ಮೂಸಾ, ನೋಹ ನೂಹ್. ಪ್ರವಾದಿ ಮುಹಮ್ಮದರ ಮೊದಲ ಅನುಯಾಯಿಗಳ ಮೇಲೆ ಮೆಕ್ಕಾದಲ್ಲಿ ಕಿರುಕುಳ ಹೆಚ್ಚಿದಾಗ, ಸುಮಾರು 615ರಲ್ಲಿ, ಅವರಲ್ಲಿ ಒಂದು ಗುಂಪಿಗೆ ಆಶ್ರಯ ಕೊಟ್ಟದ್ದು ಅಬಿಸೀನಿಯಾದ ಕ್ರೈಸ್ತ ದೊರೆ. ಈ ಉಪಕಾರವನ್ನು ಇಸ್ಲಾಮಿನ ಇತಿಹಾಸ ಮರೆತಿಲ್ಲ.

ಭೇದಗಳೂ ಸಣ್ಣವಲ್ಲ, ಅವನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಕ್ರೈಸ್ತರಿಗೆ ಯೇಸು ದೇವರ ಮಗ, ಶಿಲುಬೆಯ ಮೇಲೆ ಸತ್ತು ಮನುಷ್ಯರ ಪಾಪ ಹೊತ್ತವನು. ಮುಸ್ಲಿಮರಿಗೆ ಅವನು ದೊಡ್ಡ ಪ್ರವಾದಿ, ಆದರೆ ಮನುಷ್ಯ. ಅವನು ಶಿಲುಬೆಯ ಮೇಲೆ ಸಾಯಲಿಲ್ಲ, ದೇವರು ಅವನನ್ನು ಮೇಲಕ್ಕೆತ್ತಿಕೊಂಡ ಎಂಬುದು ಅವರ ನಂಬಿಕೆ. ಹುಟ್ಟಿನಿಂದಲೇ ಅಂಟಿಬರುವ ಪಾಪ ಎಂಬ ಕಲ್ಪನೆ ಇಸ್ಲಾಮಿನಲ್ಲಿ ಇಲ್ಲ. ಯೇಸುವಿನ ಜೊತೆ ಮುಹಮ್ಮದರನ್ನು ಹೋಲಿಸುವುದು ನಮ್ಮ ರೂಢಿ. ಆದರೆ ಕ್ರೈಸ್ತರಿಗೆ ದೇವರ ವಾಣಿಯೇ ಮನುಷ್ಯನಾಗಿ ಬಂದದ್ದು ಯೇಸು, ಮುಸ್ಲಿಮರಿಗೆ ದೇವರ ವಾಣಿ ಇಳಿದದ್ದು ಕುರ್‌ಆನಿನಲ್ಲಿ. ಹೀಗಾಗಿ ಯೇಸುವಿಗೆ ಅಲ್ಲಿರುವ ಸ್ಥಾನಕ್ಕೆ ಇಲ್ಲಿ ಸರಿದೂಗುವುದು ಕುರ್‌ಆನ್. ಇದು ಗೊತ್ತಿದ್ದರೆ ಆ ಗ್ರಂಥಕ್ಕೆ ಅವಮಾನವಾದಾಗ ಅವರಿಗೆ ಅಷ್ಟು ನೋವಾಗುವುದು ಏಕೆಂದು ತಿಳಿಯುತ್ತದೆ. ತಿಳಿಯುವುದೆಂದರೆ ಹಿಂಸೆಯನ್ನು ಒಪ್ಪುವುದಲ್ಲ.

ಕನ್ನಡ ಸಾಹಿತ್ಯ ಈ ಎರಡೂ ಕಥೆಗಳನ್ನು ತನ್ನದಾಗಿಸಿಕೊಂಡಿದೆ. ಮಂಜೇಶ್ವರದ ಗೋವಿಂದ ಪೈ ಯೇಸುವಿನ ಕಡೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದರು. ಬೊಳುವಾರು ಮಹಮದ್ ಕುಂಞಿ ಪ್ರವಾದಿಯ ಬದುಕನ್ನು ‘ಓದಿರಿ’ ಕಾದಂಬರಿಯಲ್ಲಿ ಹೇಳಿದರು. ಕುರ್‌ಆನ್ ಕನ್ನಡದಲ್ಲೇ ಓದಲು ಸಿಗುತ್ತದೆ. ಹುಡುಕಿದವರಿಗೆ ದಾರಿ ಮುಚ್ಚಿಲ್ಲ.

ಯಾರ ಮಾತು, ಯಾರ ತಲೆಗೆ

ಇಸ್ಲಾಮಿನಲ್ಲಿ ಪೋಪ್ ಇಲ್ಲ. ಬಿಷಪ್ಪರ ಶ್ರೇಣಿಯಿಲ್ಲ. ಒಬ್ಬ ಪಾದ್ರಿ ಅಸಂಬದ್ಧ ಮಾತಾಡಿದರೆ ಧರ್ಮಪ್ರಾಂತ್ಯ ಅದನ್ನು ತನ್ನದಲ್ಲ ಎನ್ನಬಹುದು, ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಯಾವುದೋ ಊರಿನ ಮೌಲ್ವಿ ಒಬ್ಬ ಅಂಥದ್ದೇ ಮಾತಾಡಿದರೆ ಅದನ್ನು ಎಲ್ಲರ ಪರವಾಗಿ ತಳ್ಳಿಹಾಕುವ ಪೀಠವೇ ಇಲ್ಲ. ಮಾತು ಇಡೀ ಸಮುದಾಯದ ತಲೆಗೆ ಸುತ್ತಿಕೊಳ್ಳುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಮುಸ್ಲಿಮರು ಶೇ 12.9, ಕ್ರೈಸ್ತರು ಶೇ 1.9. ಈ ಶೇ 12.9ರಲ್ಲಿ ಕರಾವಳಿಯ ಬ್ಯಾರಿಗಳಿದ್ದಾರೆ, ಭಟ್ಕಳದ ನವಾಯತರಿದ್ದಾರೆ, ಅರಳೆ ಹಿಂಜುತ್ತ ಬಂದ ಕನ್ನಡದ ಮನೆಮಾತಿನ ಪಿಂಜಾರರಿದ್ದಾರೆ, ಗೌರಿಬಿದನೂರಿನ ಅಲೀಪುರದ ಶಿಯಾಗಳಿದ್ದಾರೆ, ಪೇಟೆಯ ದಖ್ಖನಿ ಉರ್ದುವಿನವರಿದ್ದಾರೆ. ಸುನ್ನಿಗಳಲ್ಲೇ ದರ್ಗಾಕ್ಕೆ ನಡೆದುಕೊಳ್ಳುವವರೂ ಅದನ್ನು ಒಪ್ಪದವರೂ ಇದ್ದಾರೆ. ಕ್ಯಾಥೊಲಿಕರು, ಸಿಎಸ್‌ಐನವರು, ಪೆಂಟೆಕೋಸ್ಟಲರು ಒಂದೇ ಅಲ್ಲ ಎಂದು ಕ್ರೈಸ್ತರ ವಿಷಯದಲ್ಲಿ ನಾವು ಗುರುತಿಸುತ್ತೇವೆ. ಮುಸ್ಲಿಮರ ಬಗ್ಗೆ ಹೇಳುವಾಗ ‘ಸಾಬರು’ ಎಂದು ಒಂದೇ ಗೀಟು ಎಳೆಯುತ್ತೇವೆ.

ಇತಿಹಾಸ ಯಾರನ್ನೂ ಬಿಟ್ಟಿಲ್ಲ

ಇಸ್ಲಾಂ ಕತ್ತಿಯಿಂದ ಬಂತು, ಕ್ರೈಸ್ತ ಧರ್ಮ ಸೇವೆಯಿಂದ ಬಂತು ಎಂಬ ಮಾತು ಸರಾಗವಾಗಿ ಓಡಾಡುತ್ತದೆ. ಕರಾವಳಿಯ ಇತಿಹಾಸ ಇದನ್ನು ಒಪ್ಪುವುದಿಲ್ಲ. ಟಿಪ್ಪು 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ನಿಜ. ಅದೇ ಟಿಪ್ಪು, 1791ರಲ್ಲಿ ಮರಾಠರ ದಾಳಿಯಿಂದ ನೊಂದ ಶೃಂಗೇರಿ ಮಠಕ್ಕೆ ನೆರವು ಕಳಿಸಿದ್ದೂ ನಿಜ. ಗೋವೆಯಲ್ಲಿ 1560ರಲ್ಲಿ ಪೋರ್ಚುಗೀಸರು ತಂದ ಧರ್ಮವಿಚಾರಣೆಯ ಕಾಲದಲ್ಲಿ, ಗುಡಿಗಳನ್ನು ಕಳೆದುಕೊಂಡು ದೇವರ ಮೂರ್ತಿಯೊಂದಿಗೆ ದಕ್ಷಿಣಕ್ಕೆ ಬಂದ ಕೊಂಕಣಿ ಕುಟುಂಬಗಳ ವಂಶಸ್ಥರು ಇಂದು ಕರ್ನಾಟಕದ ತುಂಬ ಇದ್ದಾರೆ. ಅಲ್ಲಿ ಕಿರುಕುಳ ಕೊಟ್ಟವರು ಶಿಲುಬೆ ಹಿಡಿದವರು. ಆ ಪಾಪವನ್ನು ನಾವು ಇಂದಿನ ದಾದಿಯ ಮೇಲೆ ಹೊರಿಸುವುದಿಲ್ಲ. ಹೊರಿಸಬಾರದು ಕೂಡ. ಹಾಗೆಯೇ ಟಿಪ್ಪುವಿನ ಲೆಕ್ಕವನ್ನು ಅಕ್ಕಿಪೇಟೆಯಲ್ಲಿ ಮೂಟೆ ಇಳಿಸುವ ಹಮಾಲನ ಹೆಸರಿಗೆ ಬರೆಯಬಾರದು.

ನಮ್ಮ ಪೇಟೆಯೂ ಸದಾ ಶಾಂತವಾಗಿತ್ತು ಎನ್ನಲಾಗದು. 1928ರಲ್ಲಿ ಪಕ್ಕದ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಗಣಪತಿಯ ಕಾರಣಕ್ಕೆ ಗಲಭೆ ಎದ್ದು, ವಿಚಾರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಸಮಿತಿಯೇ ಕೂರಬೇಕಾಯಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್, ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಓದಿದವರು. ದಿವಾನರ ಧರ್ಮವೂ ಅಂದಿನ ಮಾತುಗಳಲ್ಲಿ ಎಳೆದಾಡಲ್ಪಟ್ಟಿತು. ಅವರು 1941ರವರೆಗೆ ದಿವಾನರಾಗಿ ಮುಂದುವರಿದು, ಇಂದಿಗೂ ಬೆಂಗಳೂರು, ಮೈಸೂರಿನವರು ನೆನೆಯುವ ಕೆಲಸ ಮಾಡಿದರು.

ಈಚಿನ ಭಯಗಳಿಗೂ ಕಾರಣವಿದೆ. 2020ರ ಆಗಸ್ಟ್‌ನಲ್ಲಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಹೊತ್ತಿ ಉರಿದದ್ದನ್ನು ಊರು ಮರೆತಿಲ್ಲ. ಪೊಲೀಸ್ ಠಾಣೆಗೆ ನುಗ್ಗಿದವರ ತಪ್ಪಿಗೆ ಯಾವ ಸಬೂಬೂ ಇಲ್ಲ. ಅದೇ ರಾತ್ರಿ ಅಲ್ಲಿನ ಹನುಮಂತನ ಗುಡಿಯ ಸುತ್ತ ಕೈಕೈ ಹಿಡಿದು ಕಾವಲು ನಿಂತ ಮುಸ್ಲಿಂ ಹುಡುಗರನ್ನೂ ಮರೆಯಬಾರದು. ಕ್ರೈಸ್ತರನ್ನೂ ದ್ವೇಷ ಬಿಟ್ಟಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಸುತ್ತ ಚರ್ಚುಗಳ ಮೇಲೆ ದಾಳಿ ನಡೆಯಿತು. ಅಂದು ಕೇಳಿಬಂದ ಕಾರಣ ಮತಾಂತರ. ಮೇಷ್ಟ್ರು, ದಾದಿ ಎಂಬ ಪ್ರೀತಿ ಎಷ್ಟು ಬೇಗ ಸಂಶಯವಾಗಿ ತಿರುಗಬಲ್ಲದು ಎಂಬುದನ್ನು ಕರಾವಳಿ ಕಂಡಿತು.

ಹೆಂಗಸರು ಕೇಳಿದ ಪ್ರಶ್ನೆ

‘ಕ್ರೈಸ್ತರು ಸುಧಾರಿಸಿದರು, ಇವರು ಸುಧಾರಿಸಲಿಲ್ಲ’ ಎಂಬುದು ಇನ್ನೊಂದು ವಾದ. ಭಾರತದ ಕಾನೂನಿನ ಚರಿತ್ರೆ ನೋಡಿ. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ತವರಿನ ಆಸ್ತಿಯಲ್ಲಿ ಸಮಪಾಲು ಸಿಕ್ಕಿದ್ದು ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೆ ಹೋರಾಡಿದ ಮೇಲೆ, 1986ರಲ್ಲಿ. ವಿಚ್ಛೇದನದ ವಿಷಯದಲ್ಲಿ ಕ್ರೈಸ್ತ ಹೆಂಡತಿಗೆ ಗಂಡನ ಸಮಾನ ಹಕ್ಕು ಬಂದದ್ದು 2001ರ ತಿದ್ದುಪಡಿಯಿಂದ. ಅಲ್ಲಿಯವರೆಗೆ 1869ರ ಕಾಯ್ದೆ ಗಂಡನಿಗೊಂದು, ಹೆಂಡತಿಗೊಂದು ನ್ಯಾಯ ಹೇಳುತ್ತಿತ್ತು. ಒಂದೇ ಉಸಿರಿನ ಮೂರು ತಲಾಖ್ ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು 2017ರಲ್ಲಿ. ಎರಡೂ ಕಡೆ ಕೋರ್ಟಿನ ಬಾಗಿಲು ಬಡಿದವರು ನೊಂದ ಹೆಂಗಸರು.

ಕನ್ನಡದಲ್ಲಿ ಈ ಮಾತನ್ನು ಕೋರ್ಟಿಗಿಂತ ದಶಕಗಳ ಮೊದಲೇ ಎತ್ತಿದವರು ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳ ನೋವು ಓದದೆ ತಲಾಖ್ ಬಗ್ಗೆ ಮಾತಾಡುವ ಕನ್ನಡಿಗರಿಗೆ ಅರ್ಧ ವಿಷಯ ಮಾತ್ರ ಗೊತ್ತು. ಹಾಸನದ ಬಾನು ಮುಷ್ತಾಕ್ ಮಸೀದಿಯಲ್ಲಿ ಹೆಂಗಸರಿಗೂ ಪ್ರವೇಶ ಬೇಕು ಎಂದಾಗ ಬಹಿಷ್ಕಾರ ಎದುರಿಸಿದರು, ಬರೆಯುವುದನ್ನು ಬಿಡಲಿಲ್ಲ. 2025ರಲ್ಲಿ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಒಳಗಿನಿಂದ ಟೀಕೆ ಬರುವುದಿಲ್ಲ ಎನ್ನುವವರು ಕನ್ನಡವನ್ನೇ ಓದಿಲ್ಲ.

ಫೋನಿನಲ್ಲಿ ಬರುವ ನೆರೆಯವನು

ಶಾಲೆ, ದರ್ಗಾ, ಅಂಗಡಿ ಇವು ಹಳೆಯ ಬಾಗಿಲುಗಳು. ಈಗ ಎಲ್ಲರ ಕಿಸೆಯಲ್ಲೂ ಹೊಸ ಬಾಗಿಲೊಂದಿದೆ. 2020ರ ಏಪ್ರಿಲ್‌ನಲ್ಲಿ ಕೊರೋನಾ ಹರಡಿದ್ದೇ ತಬ್ಲೀಗ್ ಜಮಾತ್ ಎಂಬ ಮುಸ್ಲಿಂ ಧರ್ಮಪ್ರಚಾರಕರ ಸಭೆಗೆ ಬಂದವರು ಎಂಬ ಸಂದೇಶಗಳು ಫೋನ್ ತುಂಬಿದವು. ತರಕಾರಿ ಗಾಡಿಯವರ ಹೆಸರು ಕೇಳಿ ವ್ಯಾಪಾರ ಮಾಡುವ ಕಾಲ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಆ ಸಭೆಗೆ ಬಂದಿದ್ದ ವಿದೇಶಿಯರನ್ನು ಬಲಿಪಶು ಮಾಡಲಾಗಿದೆ ಎಂದು ಹೇಳಿ ಪ್ರಕರಣ ರದ್ದು ಮಾಡಿತು. ತೀರ್ಪಿನ ಸುದ್ದಿ ಸಂದೇಶದಷ್ಟು ವೇಗವಾಗಿ ಓಡಲಿಲ್ಲ. ಆ ದಿನಗಳಲ್ಲೇ ಬೆಂಗಳೂರಿನಲ್ಲಿ ‘ಮರ್ಸಿ ಮಿಷನ್’ ಹೆಸರಿನಲ್ಲಿ ಒಂದಾದ ಮುಸ್ಲಿಂ ಸ್ವಯಂಸೇವಕರು, ಮನೆಯವರೇ ಮುಟ್ಟಲು ಹೆದರಿದ ಶವಗಳನ್ನು ಹೊತ್ತು, ಹಿಂದೂಗಳಿಗೆ ಹಿಂದೂ ಕ್ರಮದಲ್ಲಿ, ಕ್ರೈಸ್ತರಿಗೆ ಕ್ರೈಸ್ತ ಕ್ರಮದಲ್ಲಿ ಅಂತ್ಯಸಂಸ್ಕಾರಕ್ಕೆ ನೆರವಾದರು.

2022ರ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಬೇಡ ಎಂಬ ಕರೆ ಬಂತು. ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಕೊಡಲಿಲ್ಲ. ಆ ವರ್ಷದ ಮಾರ್ಚ್‌ನಲ್ಲೇ ತರಗತಿಯಲ್ಲಿ ಹಿಜಾಬ್ ಧರಿಸುವ ಬಗ್ಗೆ ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಸಿಸ್ಟರ್ ತಲೆಯ ಬಟ್ಟೆ ನಮಗೆ ಭಕ್ತಿಯಾಗಿ ಕಂಡು, ಹುಡುಗಿಯ ತಲೆಯ ಬಟ್ಟೆ ಸವಾಲಾಗಿ ಕಂಡದ್ದು ಏಕೆ? ಸಮವಸ್ತ್ರದ ನಿಯಮ ಏನೇ ಇರಲಿ, ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾದವರು ನಾವೇ.

ಇನ್ನು ಮಾಡಬೇಕಾದದ್ದು

ಅಕ್ಕಿಪೇಟೆಗೆ ಹೆಸರು ಕೊಟ್ಟದ್ದು ಅಕ್ಕಿಯ ವ್ಯಾಪಾರ. ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಇಟ್ಟುಕೊಂಡ ವರ್ತಕನನ್ನು ಪೇಟೆ ನಂಬುವುದಿಲ್ಲ. ಧರ್ಮಗಳ ವಿಷಯದಲ್ಲಿ ನಾವು ಇಟ್ಟುಕೊಂಡಿರುವುದು ಅಂಥ ಎರಡು ಸೇರು. ಒಳಗೆ ಹೋಗಿ ನೋಡಿದ ಧರ್ಮವನ್ನು ಅದರ ಒಳ್ಳೆಯವರಿಂದ ಅಳೆಯುತ್ತೇವೆ, ಹೊರಗೆ ನಿಂತು ನೋಡಿದ ಧರ್ಮವನ್ನು ಅದರ ಕೆಟ್ಟವರಿಂದ ಅಳೆಯುತ್ತೇವೆ. ನಮ್ಮ ಸ್ವಂತ ಧರ್ಮವನ್ನಂತೂ ಅದರ ಆದರ್ಶಗಳಿಂದ ಮಾತ್ರ ಅಳೆಯುತ್ತೇವೆ. ಮೂರಕ್ಕೂ ಒಂದೇ ಅಳತೆ ಬೇಕು.

ಬಾಗಿಲು ತೆರೆಯುವ ಹೊಣೆ ಇಬ್ಬರದೂ ಹೌದು. 2020ರ ಜನವರಿಯಲ್ಲಿ ಟಾಸ್ಕರ್ ಟೌನಿನ ಮೋದಿ ಮಸೀದಿ ಎಲ್ಲ ಧರ್ಮದವರನ್ನೂ ಒಳಗೆ ಕರೆದು ನಮಾಜ್ ತೋರಿಸಿತು. ಅಂಥ ದಿನ ವರ್ಷಕ್ಕೊಮ್ಮೆಯಾದರೂ ಪೇಟೆಯ ಪ್ರತಿ ಮಸೀದಿಯಲ್ಲೂ ನಡೆಯಲಿ. ಶುಕ್ರವಾರದ ಪ್ರವಚನದ ಒಂದು ಪಾಲು ಕನ್ನಡದಲ್ಲಿ ಇರಲಿ. ಕರೆದಾಗ ಉಳಿದವರು ಹೋಗಲಿ. ಪ್ಯೂ ವರದಿಯಲ್ಲೇ ಇನ್ನೊಂದು ಅಂಕಿಯಿದೆ: ಕರ್ಮಫಲವನ್ನು ನಂಬುವ ಹಿಂದೂಗಳು ಶೇ 77, ಮುಸ್ಲಿಮರೂ ಶೇ 77. ಇಷ್ಟು ವರ್ಷ ಪಕ್ಕಪಕ್ಕದಲ್ಲಿ ಬದುಕಿದವರು ಒಬ್ಬರಿಂದೊಬ್ಬರು ಪಡೆದುಕೊಂಡದ್ದು ನಮಗೆ ಗೊತ್ತಿರುವುದಕ್ಕಿಂತ ಹೆಚ್ಚು.

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ಇಸ್ಲಾಂ ಬಗ್ಗೆಯೋ ಕ್ರೈಸ್ತ ಧರ್ಮದ ಬಗ್ಗೆಯೋ ಸಂದೇಶವೊಂದು ಫೋನಿಗೆ ಬಂದಾಗ, ಅದನ್ನು ಮತ್ತೊಬ್ಬರಿಗೆ ಕಳಿಸುವ ಮೊದಲು ಆ ಧರ್ಮದ ನೆರೆಯವರೊಬ್ಬರನ್ನು ‘ಇದು ನಿಜವೇ?’ ಎಂದು ಕೇಳಿ. ಕೇಳಲು ಅಂಥ ನೆರೆಯವರು ಒಬ್ಬರೂ ಇಲ್ಲದಿದ್ದರೆ, ಮೊದಲು ಒಬ್ಬರ ಪರಿಚಯ ಮಾಡಿಕೊಳ್ಳಿ.